ಉಪ್ಪಿನಕಾಯಿ ಜಾಡಿ ಗೆದ್ದ ಕಪ್ಪು

ಬೆಳಿಗ್ಗೆ ಐದೂಮುಕ್ಕಾಲಿಗೆ ನಲ್ಲಿ ಕೆಮ್ಮಿತು. ನಮ್ಮ ತುಮಕೂರಿನಲ್ಲಿ ನೀರು ಬರುವ ಮುಂಚೆ ನಲ್ಲಿ ಎರಡು ಸಲ ಕೆಮ್ಮುತ್ತದೆ, ಮನೆಗೆ ಬಂದ ಹಿರಿಯರು ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಳ್ಳುವ ಹಾಗೆ. ಎದ್ದು ಸಂಪಿನ ಮುಚ್ಚಳ ತೆಗೆದೆ, ಬಾಗಿಲಿಗೆ ನೀರು ಹಾಕಿದೆ, ನಾಲ್ಕೆಳೆ ರಂಗೋಲಿ ಎಳೆದೆ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ, ಕತ್ತರಿಸಿದ ಚೂರನ್ನು ಎಂದಿನಂತೆ ಸಿಂಕಿನ ಅಂಚಿಗೆ ಅಂಟಿಸಿದೆ. ಅದನ್ನು ಕಸದ ಬುಟ್ಟಿಗೇ ಹಾಕಬಾರದೇ ಎಂದು ನಮ್ಮ ಯಜಮಾನರು ಮೂವತ್ತು ವರ್ಷದಿಂದ ಕೇಳುತ್ತಿದ್ದಾರೆ. ನಾನೂ ಮೂವತ್ತು ವರ್ಷದಿಂದ ಯೋಚಿಸುತ್ತಿದ್ದೇನೆ.

ರಾತ್ರಿ ನೆನೆಸಿಟ್ಟ ಅವರೆಕಾಳು ಬೋಗುಣಿಯಲ್ಲಿ ಉಬ್ಬಿ ಕೂತಿತ್ತು. ಸಂಕ್ರಾಂತಿಗೆ ಇನ್ನೆರಡೇ ದಿನ. ಅತ್ತೆ ಆಗಲೇ ಅಡುಗೆಮನೆ ಬಾಗಿಲ ಪಕ್ಕ ಮಣೆ ಹಾಕಿಕೊಂಡು, ಮಂಡಿ ನೀಡಿ ಕೂತಿದ್ದರು. ಒಂದು ಕಡೆ ಕಾಳು, ಇನ್ನೊಂದು ಕಡೆ ಸಿಪ್ಪೆಯ ಪುಟ್ಟಿ, ಮಧ್ಯೆ ಖಾಲಿ ತಟ್ಟೆ. ಅವರು ಹಿದುಕಿದರೆ ಬೇಳೆ ತಟ್ಟೆಯೊಳಗೆ ಟಣ್ ಎಂದು ಬೀಳುತ್ತದೆ. ನಾನು ಹಿದುಕಿದರೆ ಫ್ರಿಜ್ಜಿನ ಕೆಳಗೆ ಹೋಗುತ್ತದೆ.

"ಎಷ್ಟು ಉಳ್ದೈತಮ್ಮಿ?" ಎಂದರು.

ಅವರು ಕೇಳಿದ್ದು ಕಾಳನ್ನಲ್ಲ.

"ನಲವತ್ತೊಂದು ಪುಟ ಅತ್ತೆ."

"ಇವತ್ತು ಮುಗೀಬೇಕು ಕಣಮ್ಮಿ. ನಾಳೆ ಏಳ್ ಗಂಟೆ ಬಸ್ಸಿಗೆ ನಾ ಹೊಂಟೆ."

ನಾಳೆ ಅತ್ತೆ ಹಬ್ಬಕ್ಕೆ ಕುಣಿಗಲ್ ಕಡೆಯ ಕೊತ್ತಗೆರೆಗೆ ಹೋಗುತ್ತಾರೆ. ಅಲ್ಲಿ ಅವರ ವಾರಗಿತ್ತಿಯರು, ನಾದಿನಿಯರು, ಅವರ ಸೊಸೆಯಂದಿರು ಎಲ್ಲ ಸೇರುತ್ತಾರೆ. ಅವರಿಗೆ ಒಂದು ರಷ್ಯನ್ ಕಾದಂಬರಿಯನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತೇನೆಂದು ಎಂಬತ್ತೊಂದು ವರ್ಷದ ನಮ್ಮತ್ತೆ ಫೋನಿನಲ್ಲಿ ಮಾತು ಕೊಟ್ಟುಬಿಟ್ಟಿದ್ದಾರೆ. ಅಷ್ಟೇ ಆಗಿದ್ದರೆ ನಾನು ಹೆದರುತ್ತಿರಲಿಲ್ಲ. "ಸುಮ್ನೆ ಹೇಳಿದ್ರೆ ನಂಬಾಕಿಲ್ಲ ಅವು. ಕಪ್ಪೂ ತಗೊಂಡೋಗಿ ತೋರುಸ್ತೀನಿ" ಎಂದು ನಮ್ಮ ಶೋಕೇಸಿನಲ್ಲಿರುವ ನನ್ನ ಬಹುಮಾನದ ಕಪ್ಪನ್ನು ಒಯ್ಯಲು ಒಂದು ಹಳೇ ಟವೆಲ್ಲನ್ನು ಬ್ಯಾಗಿನ ಪಕ್ಕ ಮಡಿಸಿಟ್ಟಿದ್ದಾರೆ.

ಆ ಕಪ್ಪಿನ ಕಥೆ ಮೊದಲು ಹೇಳಿಬಿಡಬೇಕು. ಅದು ಸ್ವಲ್ಪ ನಾಚಿಕೆಯ ಕಥೆ.

ನಾನು ಗುಬ್ಬಿಯವಳು. ಓದಿದ್ದು ಮಾತ್ರ ತುಮಕೂರಿನ ಕಾನ್ವೆಂಟಿನಲ್ಲಿ. ದಿನಾ ರೈಲಿನಲ್ಲಿ ಹೋಗಿ ಬರುವುದು, ಎರಡು ಜಡೆ, ನೀಲಿ ರಿಬ್ಬನ್ನು, ಗುಬ್ಬಿಯಲ್ಲಿ ಹತ್ತುವಾಗ ಕನ್ನಡ, ತುಮಕೂರಿನಲ್ಲಿ ಇಳಿಯುವಾಗ ಇಂಗ್ಲಿಷು. ನಮ್ಮ ಲೈಬ್ರರಿ ನೋಡಿಕೊಳ್ಳುತ್ತಿದ್ದ ಸಿಸ್ಟರ್ ತುಂಬ ತೆಳ್ಳಗಿದ್ದರು. ಅವರ ಪ್ರೀತಿಯೆಲ್ಲ ದಪ್ಪ ಪುಸ್ತಕಗಳ ಮೇಲೆ. ಒಂಬತ್ತನೇ ಕ್ಲಾಸು ಮುಗಿದು ಬೇಸಿಗೆ ರಜ ಶುರುವಾಗುವ ದಿನ ಒಂದು ಪುಸ್ತಕವನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, "ಇದನ್ನು ಪೂರ್ತಿ ಓದಿ ಬರುವ ಹುಡುಗಿಗೆ ವಾರ್ಷಿಕೋತ್ಸವದಲ್ಲಿ ಕಪ್ಪು" ಎಂದರು. ಎಲ್ಲರೂ ತಲೆ ತಗ್ಗಿಸಿದರು. ನಾನು ಸ್ವಲ್ಪ ತಡವಾಗಿ ತಗ್ಗಿಸಿದೆ. ಪುಸ್ತಕ ನನ್ನ ಕೈಗೆ ಬಂತು.

ಅದರ ಹೆಸರು ನಾನು ಹೇಳುವುದಿಲ್ಲ. ರಷ್ಯಾ ದೇಶ, ಕುದುರೆ, ಹಿಮ, ಕುಣಿತದ ಕೂಟಗಳು, ಫ್ರಾನ್ಸಿನ ಚಕ್ರವರ್ತಿ ದಂಡೆತ್ತಿ ಬರುವುದು ಎಂದರೆ ನಿಮಗೆ ಗೊತ್ತಾಗಿಯೇ ಇರುತ್ತದೆ. ಗೊತ್ತಾಗದಿದ್ದರೆ ನಿಮ್ಮ ಮನೆಯಲ್ಲಿರುವ ಅತ್ಯಂತ ದಪ್ಪನೆಯ, ಅತ್ಯಂತ ಹೊಸದಾಗಿ ಉಳಿದಿರುವ ಪುಸ್ತಕ ಯಾವುದೆಂದು ಕಪಾಟಿನಲ್ಲಿ ನೋಡಿ, ಬಹುಶಃ ಅದೇ. ನಮ್ಮ ಮನೆಯಲ್ಲಿ ಅದಕ್ಕೆ ದಪ್ಪ ಬುಕ್ಕು ಎಂದೇ ಹೆಸರು.

ಆ ರಜಕ್ಕೆ ನಿಟ್ಟೂರಿನ ಅಜ್ಜಿ ಮನೆಗೆ ಹೋಗುವಾಗ ಪುಸ್ತಕವನ್ನು ತೆಗೆದುಕೊಂಡು ಹೋದೆ. ಮೊದಲ ವಾರ ನಿಜಕ್ಕೂ ಓದಿದೆ. ಒಬ್ಬೊಬ್ಬರಿಗೆ ಮೂರು ಮೂರು ಹೆಸರು. ಮೊದಲನೇ ಹೆಸರಿನಲ್ಲಿ ಒಳಗೆ ಬಂದವನು ಎರಡನೇ ಹೆಸರಿನಲ್ಲಿ ಚಹಾ ಕುಡಿದು ಮೂರನೇ ಹೆಸರಿನಲ್ಲಿ ಹೊರಗೆ ಹೋಗುತ್ತಿದ್ದ. ನಾನು ಬಂದವರು ಯಾರು, ಹೋದವರು ಯಾರು ಎಂದು ಲೆಕ್ಕ ಹಾಕುತ್ತಾ ಕೂತಿರುವಾಗ ಹೊರಗಡೆ ಚಿಕ್ಕಮ್ಮನ ಮಕ್ಕಳು ಮಾವಿನ ಮರದಲ್ಲಿ ಜೋತಾಡುತ್ತಿದ್ದರು. ನೂರ ಎಂಬತ್ತನೆಯ ಪುಟದಲ್ಲಿ ಎಲ್ಲರೂ ಯುದ್ಧಕ್ಕೆ ಹೊರಟರು. ನಾನು ಮಾವಿನ ಮರಕ್ಕೆ ಹೊರಟೆ.

ಇತ್ತ ಅಜ್ಜಿ ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ದರು. ಜಾಡಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಅದರ ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಭಾರ ಇಡಬೇಕು. ಯಾವಾಗಲೂ ಇಡುತ್ತಿದ್ದ ರುಬ್ಬುಗುಂಡನ್ನು ಯಾರೋ ಎರವಲು ಒಯ್ದಿದ್ದರು. ಅಜ್ಜಿ ಸುತ್ತ ನೋಡಿದರು. ಆಮೇಲಿನ ಆರು ವಾರ ರಷ್ಯಾ ದೇಶ ನಮ್ಮ ಉಪ್ಪಿನಕಾಯಿಯ ಮೇಲೆ ಕೂತಿತ್ತು. ಅಜ್ಜಿ ದಿನಕ್ಕೊಂದು ಸಲ ಅದನ್ನಿಳಿಸಿ, ಉಪ್ಪಿನಕಾಯಿ ಕಲೆಸಿ, ಅದೇ ಕೈಯಲ್ಲಿ ಮತ್ತೆ ಏರಿಸುತ್ತಿದ್ದರು.

ಶಾಲೆ ಶುರುವಾದ ದಿನ ಪುಸ್ತಕ ವಾಪಸು ಕೊಡಲು ಹೋದೆ. ರಟ್ಟಿನ ಮೇಲೆ ಎಣ್ಣೆಯ ದುಂಡನೆ ಉಂಗುರ, ಅಂಚಿನಲ್ಲಿ ಹಳದಿ ಬೆರಳಚ್ಚುಗಳು, ಒಳಗೊಂದು ಸಾಸಿವೆ. ಬೈಗುಳಕ್ಕೆ ತಯಾರಾಗಿ ನಿಂತೆ. ಸಿಸ್ಟರ್ ಉಂಗುರವನ್ನು ನೋಡಿದರು. ಬೆರಳಚ್ಚುಗಳನ್ನು ನೋಡಿದರು. ಪುಸ್ತಕವನ್ನು ಮೂಗಿನ ಹತ್ತಿರ ತಂದು ಮೂಸಿದರು. ಕಣ್ಣಲ್ಲಿ ನೀರು ತಂದುಕೊಂಡರು.

"ಮಕ್ಕಳೇ ನೋಡಿ, ಈ ಹುಡುಗಿ ಊಟ ಮಾಡುವಾಗಲೂ ಇದನ್ನು ಕೆಳಗಿಟ್ಟಿಲ್ಲ. ಪೂರ್ತಿ ಓದಿದೆಯಾ, ಮಗೂ?"

ನಾನು ಬಾಯಿ ಬಿಟ್ಟು ಸುಳ್ಳು ಹೇಳಲಿಲ್ಲ. ತಲೆ ಆಡಿಸಿದೆ. ನಮ್ಮ ಗುಬ್ಬಿ ಕಡೆಯ ತಲೆಯಾಟ ನಿಮಗೆ ಗೊತ್ತಲ್ಲ, ಅದರಲ್ಲಿ ಹೌದೂ ಇರುತ್ತದೆ, ಇಲ್ಲವೂ ಇರುತ್ತದೆ. ತೆಗೆದುಕೊಳ್ಳುವವರು ತಮಗೆ ಬೇಕಾದ್ದನ್ನು ತೆಗೆದುಕೊಳ್ಳಬಹುದು. ಸಿಸ್ಟರ್ ಹೌದನ್ನು ತೆಗೆದುಕೊಂಡರು. ಇಲ್ಲ ನನ್ನಲ್ಲೇ ಉಳಿಯಿತು, ನಲವತ್ತು ವರ್ಷಕ್ಕೂ ಮೇಲೆ.

ವಾರ್ಷಿಕೋತ್ಸವದ ದಿನ ಕಪ್ಪು ಕೊಟ್ಟಾಗ ನಮ್ಮಪ್ಪ ಮೂರನೇ ಸಾಲಿನಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ರೈಲಿನಲ್ಲಿ ಅದನ್ನು ಚೀಲದೊಳಗೆ ಹಾಕಿಕೊಳ್ಳಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಗುಬ್ಬಿ ಸ್ಟೇಷನ್ನಿನಿಂದ ಮನೆಗೆ ಯಾವಾಗಲೂ ಹಿಂದಿನ ಓಣಿಯಲ್ಲಿ ಹೋಗುವವರು ಅವತ್ತು ಪೇಟೆ ಬೀದಿಯಲ್ಲಿ ನಡೆದರು. ನಾನು ಅವರ ಹಿಂದೆ ಹಿಂದೆ, ಪೊಲೀಸರು ಹಿಡಿದುಕೊಂಡು ಹೋಗುತ್ತಿರುವವಳ ಹಾಗೆ.

ಮದುವೆಯಾಗಿ ಬರುವಾಗ ಸೀರೆಗಳ ಕೆಳಗೆ ಅದನ್ನೂ ಇಟ್ಟು ಕಳಿಸಿದವರು ನಮ್ಮಮ್ಮ. ಟ್ರಂಕಿನಿಂದ ಅದನ್ನು ತೆಗೆದು ಶೋಕೇಸಿನಲ್ಲಿಟ್ಟವರು ನಮ್ಮತ್ತೆ. ಅತ್ತೆ ಶಾಲೆಗೆ ಹೋದದ್ದು ಎರಡೇ ವರ್ಷ. ಹಾಗಾಗಿಯೋ ಏನೋ, ಬಂದ ನೆಂಟರಿಗೆಲ್ಲ ಕಾಫಿಗಿಂತ ಮುಂಚೆ ಕಪ್ಪು ತೋರಿಸುತ್ತಿದ್ದರು. "ನನ್ ಸೊಸೆ ಇಂಗ್ಲೀಷ್ ದಪ್ಪ ಬುಕ್ಕು ಓದಿ ಗೆದ್ದವ್ಳೆ. ಇಡೀ ಇಸ್ಕೂಲಲ್ಲಿ ಇವ್ಳೊಬ್ಳೇಯ." ನಾನು ಒಳಗೆ ಸಕ್ಕರೆ ಡಬ್ಬ ಹುಡುಕುತ್ತಾ ಅಲ್ಲೇ ಇರುತ್ತಿದ್ದೆ. ಹಬ್ಬ ಬಂದಾಗ ಮನೆಯ ದೀಪ, ತಂಬಿಗೆ, ಗಂಟೆ, ಆರತಿ ತಟ್ಟೆ ಎಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆಯುತ್ತಿದ್ದೆ. ಕಪ್ಪನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದು ಬೆಳ್ಳಿ ನೀರು ಹಾಕಿದ ಹಿತ್ತಾಳೆ. ಬೆಳ್ಳಿ ಯಾವತ್ತೋ ಹೋಯಿತು, ಹಿತ್ತಾಳೆ ಕಪ್ಪಿಟ್ಟಿತು. ನಾನು ಮೆಲ್ಲಗೆ ಅದನ್ನು ಚನ್ನಪಟ್ಟಣದ ಬೊಂಬೆಗಳ ಹಿಂದಕ್ಕೆ ಸರಿಸುತ್ತಾ ಸರಿಸುತ್ತಾ ಗೋಡೆಗೆ ಮುಟ್ಟಿಸಿದ್ದೆ.

ಹೋದ ವರ್ಷದ ಅವರೆಕಾಯಿ ಕಾಲ. ಅತ್ತೆಗೆ ಮಂಡಿ ನೋವು ಜಾಸ್ತಿಯಾಗಿತ್ತು, ಟೀವಿ ಕೆಟ್ಟು ರಿಪೇರಿಗೆ ಹೋಗಿತ್ತು. ಕಾಳು ಹಿದುಕುತ್ತಾ ಕೂತವರು ಇದ್ದಕ್ಕಿದ್ದಂತೆ, "ಅಲ್ಲಮ್ಮಿ, ಆ ದಪ್ಪ ಬುಕ್ಕಲ್ಲಿ ಏನೈತೆ ಅಂತ ಒಂದ್ ದಿನಾನೂ ಹೇಳ್ಲಿಲ್ವಲ್ಲ ನೀನು? ಹೇಳು ಕಥೆಯ" ಎಂದರು.

ನನ್ನ ಕೈಯಲ್ಲಿದ್ದ ಅವರೆ ಫ್ರಿಜ್ಜಿನ ಕೆಳಗೆ ಹೋಯಿತು.

"ನಾಳೆ ಹೇಳ್ತೀನಿ ಅತ್ತೆ" ಎಂದೆ. ಮಧ್ಯಾಹ್ನ ಹಳೇ ಪೇಪರು ಕೊಡುವ ನೆಪದಲ್ಲಿ ಹೊರಟು, ಹಳೇ ಪುಸ್ತಕ ಮಾರುವ ಎರಡು ಮೂರು ಅಂಗಡಿ ಸುತ್ತಿದೆ. ಕೊನೆಗೆ ಒಂದು ಗುಜರಿ ಅಂಗಡಿಯಲ್ಲಿ, ಕೆಟ್ಟ ಮಿಕ್ಸಿಗಳ ಕೆಳಗೆ, ಅದು ಸಿಕ್ಕಿತು. ಇಲ್ಲಿಯೂ ಯಾವುದೋ ಭಾರ ಹೊರುವ ಕೆಲಸವನ್ನೇ ಮಾಡುತ್ತಿತ್ತು, ಪಾಪ. ಅಂಗಡಿಯವನು ತಕ್ಕಡಿಯಲ್ಲಿಟ್ಟು ತೂಗಿ ಕೊಟ್ಟ. ಕಾನ್ವೆಂಟಿನಲ್ಲಿ ಓದಿದವಳು ತೂಕಕ್ಕೆ ಸಾಹಿತ್ಯ ಕೊಂಡುಕೊಂಡು ಮನೆಗೆ ಬಂದೆ.

ಅಂದಿನಿಂದ ನನ್ನ ಪಾಡು ಹೊಸದಾಗಿ ಸೇರಿದ ಮೇಷ್ಟರ ಪಾಡು. ಇಂದು ಹೇಳಬೇಕಾದ ಪಾಠವನ್ನು ಬೆಳಿಗ್ಗೆ ಇಡ್ಲಿ ಬೇಯುವಾಗ ಓದಿಕೊಳ್ಳುವುದು, ಹತ್ತು ಗಂಟೆಗೆ ಎಲ್ಲ ಬಲ್ಲವಳ ಹಾಗೆ ಹೇಳುವುದು. ಅತ್ತೆ ಕಥೆ ಕೇಳುವ ಕ್ರಮವೇ ಬೇರೆ. ಅವರು ಹೂಂ ಎನ್ನಬೇಕು, ಆಗ ನಾನು ಮುಂದಕ್ಕೆ ಹೋಗಬೇಕು. ಹೂಂ ಬರಲಿಲ್ಲವೆಂದರೆ ಅಲ್ಲೇನೋ ಅವರಿಗೆ ಸರಿಬಂದಿಲ್ಲ. ಕಥೆಯ ಅಳತೆಯೂ ಅವರದೇ. ಒಂದು ಸೇರು ಕಾಳಿಗೆ ಒಂದು ಸೇರು ಕಥೆ. ತಟ್ಟೆ ತುಂಬಿದರೆ ರಾಜಕುಮಾರ ಕುದುರೆ ಹತ್ತುತ್ತಿದ್ದವನು ಕಾಲೆತ್ತಿಕೊಂಡು ನಾಳೆಯವರೆಗೆ ಹಾಗೇ ನಿಲ್ಲಬೇಕು.

ಹೆಸರುಗಳ ತೊಡಕು ನಾನು ಹೆದರಿದ್ದಷ್ಟು ಆಗಲಿಲ್ಲ. "ಒಬ್ಬೊಬ್ರಿಗೆ ಮೂರ್ ಹೆಸರು ಅತ್ತೆ" ಎಂದೆ ಅಂಜುತ್ತಾ.

"ಅದ್ರಲ್ಲೇನೈತೆ? ನಮ್ ತಮ್ಮ ಮನೇಲಿ ಪುಟ್ಟ, ಇಸ್ಕೂಲಲ್ಲಿ ನಂಜುಂಡಯ್ಯ, ಬೀದೀಲಿ ಕೆಂಪಣ್ಣನ ಮಗ. ಮೂರಾಯ್ತಲ್ಲ?"

ನಲವತ್ತು ವರ್ಷದ ಹಿಂದೆ ಇವರು ನಿಟ್ಟೂರಿನಲ್ಲಿ ನನ್ನ ಪಕ್ಕ ಕೂತಿದ್ದರೆ ನಾನು ಮಾವಿನ ಮರ ಹತ್ತುತ್ತಲೇ ಇರಲಿಲ್ಲ. ಆದರೂ ಅವರು ಎಲ್ಲರಿಗೂ ಹೊಸ ಹೆಸರಿಟ್ಟರು. ದಪ್ಪಗೆ, ಪೆದ್ದುಪೆದ್ದಾಗಿ, ಎಲ್ಲಿ ಹೋದರೂ ಏನಾದರೂ ಬೀಳಿಸುವ ಸಾಹುಕಾರ ಕನ್ನಡಕದೋನು. ನಗದೇ ಇರುವ ರಾಜಕುಮಾರ ಬಿಗುಮಾನದೋನು. ಮೊದಲ ಕೂಟಕ್ಕೆ ಬಂದು ಯಾರು ಕರೆಯುತ್ತಾರೋ ಎಂದು ಎದೆ ಹೊಡೆದುಕೊಳ್ಳುತ್ತಾ ನಿಂತವಳು ಕುಣಿಯೋ ಹುಡುಗಿ. ಫ್ರಾನ್ಸಿನ ಚಕ್ರವರ್ತಿ ಬರೀ ಗಿಡ್ಡ.

ಎರಡನೇ ವಾರಕ್ಕೆ ಸಿಕ್ಕಿಬಿದ್ದೆ. ಕಾನ್ವೆಂಟಿನ ಹುಡುಗಿ ನಾನು. ಕೂಟ, ಕುಣಿತ, ಪ್ರೇಮಪತ್ರ ಬಂದರೆ ಒಂದೊಂದು ಅಕ್ಷರ ಬಿಡದೆ ಓದುತ್ತಿದ್ದೆ, ತೋಪು, ಸೇನಾಪತಿ, ಭೂಪಟ ಬಂದರೆ ಹಾಳೆ ಮಗುಚುತ್ತಿದ್ದೆ. ಹಾಗೆ ಮಗುಚಿ ಒಂದು ಬೆಳಿಗ್ಗೆ, "ಬಿಗುಮಾನದೋನು ಗಾಯ ಆಗಿ ಮನೆಗೆ ಬಂದ" ಎಂದೆ.

ಹೂಂ ಬರಲಿಲ್ಲ. ಹಿದುಕುವ ಕೈ ನಿಂತಿತು.

"ನೆನ್ನೆ ನೆಟ್ಟಗಿದ್ದೋನು ಇವತ್ತು ಗಾಯ ಮಾಡ್ಕಂಡ್ ಬಂದವ್ನೆ. ಮಧ್ಯ ಏನಾಯ್ತು?"

"ಯುದ್ಧ ಆಯ್ತು ಅತ್ತೆ."

"ಆಯ್ತು ಅಂದ್ರೆ? ಹರಿಕಥೆ ದಾಸರು 'ಯುದ್ಧ ಆಯ್ತು' ಅಂದ್ಬುಟ್ಟು ಮಂಗಳಾರತಿ ತಟ್ಟೆ ಹಿಡೀತಾರಾ? ಹೋಗು, ಹಿಂದಕ್ಕೋಗಿ ಯುದ್ಧ ತಗೊಂಡ್ ಬಾ."

ಯುದ್ಧ ತರಲು ನಾನು ಹಿಂದಕ್ಕೆ ಹೋದೆ. ಅಲ್ಲಿ, ನಾನು ಮಗುಚಿದ್ದ ಹಾಳೆಗಳಲ್ಲಿ, ಆ ರಾಜಕುಮಾರ ಬಾವುಟ ಹಿಡಿದು ಓಡಿ, ಪೆಟ್ಟು ತಿಂದು, ಅಂಗಾತ ಬಿದ್ದು, ಮೇಲೆ ಆಕಾಶವನ್ನು ನೋಡುತ್ತಾನೆ. ಇಷ್ಟು ದೊಡ್ಡ ಆಕಾಶ ಇಷ್ಟು ದಿನ ನನ್ನ ಕಣ್ಣಿಗೆ ಹೇಗೆ ಬೀಳಲಿಲ್ಲ ಎಂದು ಅವನಿಗೆ ಆಶ್ಚರ್ಯವಾಗುತ್ತದೆ. ಅದನ್ನು ಹೇಳಿದೆ. ಅತ್ತೆ ಕೈಯಲ್ಲಿದ್ದ ಕಾಳನ್ನು ಹಿದುಕದೆ ಹಾಗೇ ತಟ್ಟೆಗೆ ಹಾಕಿದರು.

"ನಿಮ್ಮಾವ ತೆಂಗಿನ ಮರದಿಂದ ಬಿದ್ರಲ್ಲ, ನೀನಿನ್ನೂ ಬಂದಿರ್ಲಿಲ್ಲ ಆವಾಗ. ಓಡೋಗಿ ನೋಡ್ತೀನಿ, ಕಣ್ ಬಿಟ್ಕಂಡು ಮಲಗವ್ರೆ. ಏನ್ರೀ, ಏನಾಯ್ತ್ರೀ ಅಂದ್ರೆ, 'ಸುಮ್ಕಿರು, ಆಕಾಶ ಎಷ್ಟಗ್ಲ ಐತೆ ನೋಡು' ಅಂದ್ರು. ತಲೆಗೆ ಪೆಟ್ಟಾಗೈತೆ ಅಂದ್ಕಂಡು ನಾನ್ ಅತ್ಬುಟ್ಟೆ. ಈ ಗಡ್ಡದಯ್ಯಂಗೆ ಅದೆಂಗಮ್ಮಿ ಗೊತ್ತಾಯ್ತು?"

ಅವತ್ತು ಕಾಳು ಅರ್ಧ ಸೇರೂ ಆಗಲಿಲ್ಲ. ಅವತ್ತಿನಿಂದ ನಾನು ಹಾಳೆ ಮಗುಚಲಿಲ್ಲ.

ಗಡ್ಡದಯ್ಯ ಎಂದರೆ ಕಾದಂಬರಿ ಬರೆದವರು. ಪುಸ್ತಕದ ಹಿಂಬದಿಯ ರಟ್ಟಿನಲ್ಲಿ ಅವರ ಫೋಟೋ ಇದೆ, ಎದೆ ತುಂಬ ಬಿಳಿ ಗಡ್ಡ, ರೈತರ ಅಂಗಿ, ಸೊಂಟಕ್ಕೊಂದು ಪಟ್ಟಿ. ಮೊದಲ ದಿನ ಅತ್ತೆ ಅದನ್ನು ನೋಡಿ ಕೈಮುಗಿದು, "ಯಾವ ಮಠದವರು?" ಎಂದಿದ್ದರು. ದೊಡ್ಡ ಜಮೀನ್ದಾರರಂತೆ, ವಯಸ್ಸಾದ ಮೇಲೆ ತಾವೇ ನೇಗಿಲು ಹಿಡಿಯುತ್ತಿದ್ದರಂತೆ, ಬೂಟು ಹೊಲಿಯುವುದನ್ನೂ ಕಲಿತಿದ್ದರಂತೆ ಎಂದೆ. ಅತ್ತೆ ಫೋಟೋವನ್ನು ಕಿಟಕಿ ಬೆಳಕಿಗೆ ಹಿಡಿದು ಮುಖ ಬಿಟ್ಟು ಕೈ ನೋಡಿದರು. "ಊಂ, ಗೇಯ್ದ ಕೈಯೇಯ. ಸ್ವಲ್ಪ ತಡವಾಗಿ ಶುರು ಮಾಡವ್ರೆ."

ಆಮೇಲೆ ಅವರ ಹೆಂಡತಿಯ ವಿಷಯ ಹೇಳಿದೆ. ಮುನ್ನುಡಿಯಲ್ಲಿ ಎರಡೇ ಸಾಲು ಇತ್ತು, ಆದರೆ ನನ್ನ ಕಣ್ಣು ಅಲ್ಲೇ ಸಿಕ್ಕಿಕೊಂಡಿತ್ತು. ಗಂಡ ಗೀಚಿ, ಹೊಡೆದುಹಾಕಿ, ಅಂಚಿನಲ್ಲಿ ಸೇರಿಸಿ ಬಿಟ್ಟ ಹಾಳೆಗಳನ್ನು ಆಕೆ ಮಕ್ಕಳನ್ನು ಮಲಗಿಸಿ ಬಂದು ದುಂಡಗೆ ನಕಲು ಮಾಡುತ್ತಿದ್ದರಂತೆ. ಅವರು ಅದನ್ನು ಮತ್ತೆ ಗೀಚುತ್ತಿದ್ದರಂತೆ. ಆಕೆ ಮತ್ತೆ ನಕಲು ಮಾಡುತ್ತಿದ್ದರಂತೆ.

"ಇಷ್ಟು ದಪ್ಪದ್ದನ್ನ?"

"ಹೂಂ ಅತ್ತೆ. ಎಷ್ಟೋ ಸಲ."

"ಆಯಮ್ಮನ ಫೋಟೋ ಎಲ್ಲಿ?"

ನಾನು ಪುಸ್ತಕ ತಿರುಗಿಸಿದೆ, ಮುಂದೆ ನೋಡಿದೆ, ಹಿಂದೆ ನೋಡಿದೆ. ಇರಲಿಲ್ಲ.

"ಹಂಗಾರೆ ಓದೋವಾಗ ಮನಸ್ನಲ್ಲೇ ಆಯಮ್ಮಂಗೂ ಒಂದ್ ನಮಸ್ಕಾರ ಮಾಡ್ಕೋ" ಎಂದರು. ನಾನು ಮಾಡಿಕೊಂಡೆ. ದಿನವೂ ಒರೆಸಿದ ನೆಲವನ್ನೇ ಮತ್ತೆ ಒರೆಸುವವಳಿಗೆ ಆ ಕೆಲಸದ ರುಚಿ ಸ್ವಲ್ಪ ಗೊತ್ತು.

ಅವರೆ ಮುಗಿಯಿತು, ರಷ್ಯಾ ಮುಗಿಯಲಿಲ್ಲ. ಬೇಸಿಗೆಗೆ ಕೊತ್ತಗೆರೆಯಿಂದ ಒಂದು ಮೂಟೆ ಹುಣಸೆಹಣ್ಣು ಬಂತು. ಕುಟ್ಟಿ ಬೀಜ ತೆಗೆಯುತ್ತಾ ನಾವು ಮಾಸ್ಕೋ ಪಟ್ಟಣ ಸುಡುವುದನ್ನು ನೋಡಿದೆವು. ಸುತ್ತಿಗೆಯ ಏಟು ಒಂದೊಂದು ತೋಪಿನ ಹಾಗೆ ಕೇಳಿಸುತ್ತಿತ್ತು. ಅತ್ತೆಗೆ ಎಲ್ಲರಿಗಿಂತ ಇಷ್ಟವಾದವನು ರಷ್ಯಾದ ಮುದಿ ಸೇನಾಪತಿ, ಒಕ್ಕಣ್ಣ, ಸಭೆಯಲ್ಲಿ ಎಲ್ಲರೂ ನಕ್ಷೆ ಹಾಸಿಕೊಂಡು ಕೂಗಾಡುವಾಗ ತೂಕಡಿಸುವವನು. "ಅವ್ನೇ ಸರಿ" ಎಂದರು. "ಬಿತ್ತಿದ್ ಮೇಲೆ ರಾಗಿ ಕಿತ್ತು ಕಿತ್ತು ನೋಡಿದ್ರೆ ಬೆಳೀತದಾ? ಸುಮ್ಕೆ ಕೂತ್ಕಬೇಕು. ಚಳಿ ಬರ್ತದೆ, ಗಿಡ್ಡ ಓಯ್ತಾನೆ." ಚಳಿ ಬಂತು. ಗಿಡ್ಡ ಹೋದ. ಅವತ್ತು ಅತ್ತೆ ತಮ್ಮದೇ ಜಮೀನು ಕೋರ್ಟಿನಲ್ಲಿ ಗೆದ್ದವರ ಹಾಗೆ ಸಿಹಿ ಮಾಡಿಸಿದರು. ನೀರಾವರಿ ಕಚೇರಿಯಿಂದ ನಿವೃತ್ತರಾಗಿ ಎರಡು ವರ್ಷವಾದ ನಮ್ಮ ಯಜಮಾನರು ಪೇಪರಿನ ಹಿಂದಿನಿಂದ, "ಪಾಯಸ ಯಾಕಮ್ಮಾ ಇವತ್ತು?" ಎಂದು ಕೇಳಿದ್ದಕ್ಕೆ, "ಫ್ರಾನ್ಸಿನೋರು ವಾಪಸ್ ಹೋದ್ರು ಕಣೋ, ತಿನ್ನು" ಎಂದರು.

ಹೀಗೆ ಅವರೆಯಿಂದ ಅವರೆಗೆ ಒಂದು ವರ್ಷ. ಇವತ್ತು ನಲವತ್ತೊಂದು ಪುಟ.

ನಿಜ ಹೇಳಬೇಕೆಂದರೆ ಕಥೆ ಮೊನ್ನೆಯೇ ಮುಗಿದಿತ್ತು. ಕುಣಿಯೋ ಹುಡುಗಿ ಕನ್ನಡಕದೋನನ್ನು ಮದುವೆಯಾಗಿ, ನಾಲ್ಕು ಮಕ್ಕಳ ತಾಯಿಯಾಗಿ, ದಪ್ಪಗಾಗಿ, ತಲೆ ಬಾಚುವುದನ್ನೂ ಮರೆತು, ಮಗುವಿನ ಬಟ್ಟೆ ಕೈಯಲ್ಲಿ ಹಿಡಿದುಕೊಂಡು ಓಡಿ ಬರುತ್ತಾಳೆ, ಮಗುವಿಗೆ ಹೊಟ್ಟೆ ಸರಿಹೋಯಿತು ಎಂದು ಎಲ್ಲರಿಗೂ ತೋರಿಸುವುದಕ್ಕೆ. ಹದಿನೈದನೇ ವಯಸ್ಸಿನಲ್ಲಿ ಇದನ್ನು ಓದಿದ್ದರೆ ಪುಸ್ತಕವನ್ನು ನಾನೇ ಉಪ್ಪಿನಕಾಯಿ ಮೇಲೆ ಇಡುತ್ತಿದ್ದೆನೇನೋ. ಮೊನ್ನೆ ಓದಿದಾಗ ಎದ್ದು ನಿಂತು ಚಪ್ಪಾಳೆ ತಟ್ಟಬೇಕೆನ್ನಿಸಿತು. ಇಷ್ಟು ರಾಜರು, ಇಷ್ಟು ದಂಡು, ಇಷ್ಟು ಬೆಂಕಿ ಎಲ್ಲ ದಾಟಿ ಗಡ್ಡದಯ್ಯ ಕೊನೆಗೆ ನಮ್ಮಂಥವಳ ಮನೆಯೊಳಗೆ ಬಂದು ಕೂತಿದ್ದರು.

ಉಳಿದ ನಲವತ್ತೊಂದು ಪುಟದಲ್ಲಿ ಕಥೆಯಿಲ್ಲ. ಅಯ್ಯನವರು ಒಬ್ಬರೇ ಮಾತಾಡುತ್ತಾ ಹೋಗುತ್ತಾರೆ, ಚರಿತ್ರೆ ಎಂದರೇನು, ಅದನ್ನು ನಡೆಸುವವರು ಯಾರು ಎಂದು. "ಅದನ್ನ ಪ್ರೊಫೆಸರುಗಳೂ ಓದಲ್ಲ, ಬಿಡೇ" ಎಂದರು ಯಜಮಾನರು. ಬಿಡಬಹುದಿತ್ತು. ಅತ್ತೆಗೂ ಗೊತ್ತಾಗುತ್ತಿರಲಿಲ್ಲ. ಆದರೆ ಬೊಂಬೆಗಳ ಹಿಂದಿನಿಂದ ಕಪ್ಪು ನೋಡುತ್ತಿತ್ತು. ನೂರ ಎಂಬತ್ತು ಪುಟ ಓದಿ ತಲೆಯಾಡಿಸಿದವಳು, ನಲವತ್ತೊಂದು ಪುಟ ಬಿಟ್ಟು ಮತ್ತೊಮ್ಮೆ ತಲೆಯಾಡಿಸಬೇಕೇ? ನಾಳೆ ಅದು ಟವೆಲ್ಲಿನಲ್ಲಿ ಸುತ್ತಿಕೊಂಡು ಕೊತ್ತಗೆರೆಗೆ ಹೊರಡುತ್ತದೆ.

ಓದಿದೆ. ತಿಂಡಿಗೆ ಚಪಾತಿ ಹಿಟ್ಟು ಕಲೆಸಿಟ್ಟು ಎಂಟು ಪುಟ. ಸಂಪು ತುಂಬುವ ಶಬ್ದಕ್ಕೆ ಕಿವಿ ಕೊಟ್ಟು ಹನ್ನೊಂದು. ಒಂದು ವಾಕ್ಯ ಎಷ್ಟು ಉದ್ದವಿತ್ತೆಂದರೆ ಅದು ಶುರುವಾದಾಗ ಹಾಲು ಒಲೆಯ ಮೇಲಿತ್ತು, ಮುಗಿದಾಗ ಒಲೆಯ ಸುತ್ತ ಇತ್ತು. ಕೆಲವು ಪುಟಗಳನ್ನು ಮೂರು ಸಲ ಓದಿದೆ. ಅರ್ಥವಾಯಿತೆಂದು ಹೇಳಲಾರೆ, ಆದರೆ ಬಿಡಲಿಲ್ಲ. ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ, ಕುಕ್ಕರಿನ ಮೂರನೇ ಸೀಟಿಗೆ, ಕೊನೆಯ ಸಾಲು ಬಂತು. ಅದರ ಕೆಳಗೆ ಬರೀ ಬಿಳಿ ಹಾಳೆ.

"ಮುಗೀತು!" ಎಂದು ನಾನು ಕೂಗಿದ ಕೂಗಿಗೆ ಯಜಮಾನರು ಪೇಪರು ಮಡಿಸಿ ಎದ್ದು ಬಂದರು. ಚುನಾವಣೆ ಫಲಿತಾಂಶದ ದಿನವೂ ಅವರು ಮಧ್ಯದಲ್ಲಿ ಪೇಪರು ಮಡಿಸಿದವರಲ್ಲ. "ನಿಜವಾಗ್ಲೂ? ಕೊನೇದೂ?" "ಕೊನೇದೂ!" ಅವರು ಏನು ಮಾಡಬೇಕೆಂದು ತೋಚದೆ ನನ್ನ ಕೈ ಕುಲುಕಿದರು, ರಾಗಿ ಹಿಟ್ಟಿನ ಕೈಯನ್ನು.

"ಆ ಕೊನೇದ್ರಲ್ಲಿ ಏನಂತೆ?" ಎಂದರು ಅತ್ತೆ, ಕಾಳಿನಿಂದ ಕಣ್ಣೆತ್ತದೆ.

"ರಾಜರು, ಸೇನಾಪತಿಗಳು ತಾವೇ ಎಲ್ಲ ಮಾಡಿದ್ವಿ ಅಂದ್ಕೋತಾರಂತೆ ಅತ್ತೆ. ಆದ್ರೆ ನಿಜವಾಗಿ ನಡೆಸೋರು ಹೆಸರಿಲ್ಲದ ಲಕ್ಷಾಂತರ ಜನವಂತೆ, ಒಬ್ಬೊಬ್ರೂ ಚೂರು ಚೂರು."

"ಇಷ್ಟಕ್ಕೆ ನಲವತ್ ಪುಟ ಬೇಕಾಯ್ತಾ? ಮದ್ವೇಲಿ ಊಟ ಚೆನ್ನಾಗಾದ್ರೆ ಬೀಗರು ಮೀಸೆ ತಿರುವ್ತಾರೆ. ಈರುಳ್ಳಿ ಹೆಚ್ಚಿದೋಳ್ನ ಯಾರು ಕೇಳ್ತಾರೆ?" ಎಂದರು. ಆಮೇಲೆ ತಡೆದು, "ಆದ್ರೂ ಗಂಡಸಾಗಿ ಅಷ್ಟ್ ತಿಳ್ಕಂಡವ್ರಲ್ಲ, ಬುಡು" ಎಂದು ಸೇರಿಸಿದರು.

ಮಧ್ಯಾಹ್ನ ಹಿದುಕಿದ ಬೇಳೆ ಸಾರಿನಲ್ಲಿ ಮುದ್ದೆ ಉಂಡು ಎದ್ದ ಮೇಲೆ ಅತ್ತೆ ಮೆಲ್ಲಗೆ ಗೋಡೆ ಹಿಡಿದುಕೊಂಡು ಶೋಕೇಸಿನ ಹತ್ತಿರ ಹೋದರು. ಬೊಂಬೆಗಳನ್ನು ಸರಿಸಿದರು. ಕಪ್ಪು ಅವರ ಕೈಗೆ ಬಂತು. ಟವೆಲ್ಲು ಬಿಡಿಸಿದರು.

ನನಗೆ ತಡೆಯಲಾಗಲಿಲ್ಲ. "ಅತ್ತೆ, ಒಂದ್ನಿಮಿಷ" ಎಂದೆ.

ಎಲ್ಲ ಹೇಳಿದೆ. ಮಾವಿನ ಮರ, ಜಾಡಿ, ಎಣ್ಣೆಯ ಉಂಗುರ, ಸಿಸ್ಟರ್ ಕಣ್ಣಲ್ಲಿ ಬಂದ ನೀರು, ನನ್ನ ತಲೆಯಾಟ, ಪೇಟೆ ಬೀದಿಯಲ್ಲಿ ನಡೆದ ಅಪ್ಪ. ಗುಜರಿ ಅಂಗಡಿಯನ್ನೂ ಬಿಡಲಿಲ್ಲ. ಈ ಸಲ ಒಂದು ಪುಟವನ್ನೂ ಮಗುಚಲಿಲ್ಲ. ಅತ್ತೆ ಒಂದು ಸಲವೂ ಹೂಂ ಅನ್ನಲಿಲ್ಲ. ಯಜಮಾನರು ಮಾತ್ರ "ಸಾಸಿವೆ ಇತ್ತಾ ಒಳಗೆ?" ಎಂದು ನಗು ತಡೆಯಲಾರದೆ ವರಾಂಡಕ್ಕೆ ಹೋದರು.

"ಅದಕ್ಕೇನಾ" ಎಂದರು ಅತ್ತೆ ಕೊನೆಗೆ, "ನೀನು ಇದೊಂದನ್ನ ಯಾವ್ ಹಬ್ಬಕ್ಕೂ ತೊಳೀದೆ ಬುಡ್ತಿದ್ದಿದ್ದು?"

ಈ ಮನೆಯಲ್ಲಿ ಇಂಥದ್ದನ್ನೆಲ್ಲ ಗಮನಿಸುವವಳು ನಾನೊಬ್ಬಳೇ ಎಂದು ತಿಳಿದಿದ್ದೆ. ಮೂವತ್ತು ವರ್ಷ ಅವರು ನೋಡಿಕೊಂಡೇ ಇದ್ದರು.

"ಹೂಂ ಅತ್ತೆ."

"ಈಗ ಪೂರ್ತಿ ಓದಿದ್ಯಾ?"

ತಲೆ ಆಡಿಸಲಿಲ್ಲ. "ಓದಿದೀನಿ" ಎಂದು ಬಾಯಿ ಬಿಟ್ಟು ಹೇಳಿದೆ.

"ನಂಗೆ ಗೊತ್ತಿಲ್ವಾ? ನಾ ಕೇಳಿಸ್ಕಂಡಿಲ್ವಾ ಒಂದೊಂದೂ? ಆ ಸಿಸ್ಟರಮ್ಮ ಉಂಗುರ ನೋಡಿ ಕೊಟ್ರು. ನಾನು ಕೇಳಿ ಕೊಡ್ತೀನಿ. ಹೋಗು, ಡಬ್ಬದಿಂದ ಒಂದ್ ಹಿಡಿ ಹುಣಸೆಹಣ್ ತಗೊಂಡ್ ಬಾ."

ನಾನು ತೊಳೆಯುತ್ತೇನೆಂದರೂ ಬಿಡಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಕೂತು, ಮಾಸ್ಕೋ ಸುಟ್ಟ ಕಾಲದ ಅದೇ ಹುಣಸೆಹಣ್ಣು ಹಾಕಿ, ಅವರೆ ಹಿದುಕಿ ಸುಕ್ಕಾದ ಬೆರಳುಗಳಲ್ಲಿ ತಿಕ್ಕಿದರು. ಎರಡು ಹಿಡಿಗಳ ಸಂದಿ, ಪೀಠದ ಅಡಿ, ಕೊರೆದ ಅಕ್ಷರಗಳ ಒಳಗೆ ತೆಂಗಿನ ನಾರು ಹಾಕಿ ಉಜ್ಜಿದರು. ಮೊದಲು ಹೊಗೆ ಬಣ್ಣದ ನೀರು ಹರಿಯಿತು, ಆಮೇಲೆ ಕೆಂಪು, ಆಮೇಲೆ ಬರೀ ನೀರು. ಬಿಸಿಲಿಗೆ ಹಿಡಿದರೆ ಗೋಡೆಯ ಮೇಲೆ ಒಂದು ಹೊಂಬಣ್ಣದ ಚುಕ್ಕೆ ಕುಣಿಯಿತು. ರಾತ್ರಿ ಬ್ಯಾಗಿಗೆ ಹಾಕುವವರೆಗೆ ಇರಲಿ ಎಂದು ಶೋಕೇಸಿನ ಮುಂದಿನ ಸಾಲಿನಲ್ಲಿ, ಬೊಂಬೆಗಳ ಮುಂದೆ ಇಟ್ಟರು. ನಾನು ಆ ಕಡೆ ಹೋದಾಗಲೆಲ್ಲ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಿದ್ದೆ, ಯಾರೋ ಹೆಸರು ಕರೆದು ವೇದಿಕೆಗೆ ಬಾ ಎನ್ನುತ್ತಾರೇನೋ ಎಂಬಂತೆ.

ಐದೂವರೆಗೆ ಪ್ಲಾಸ್ಟಿಕ್ ಬಕೆಟ್ಟು ಹಿಡಿದು ಪುಟ್ಟಗೌರಮ್ಮ ಬಂದರು. ಊರ್ಡಿಗೆರೆ ಕಡೆಯವರು, ನಮ್ಮ ಪಕ್ಕದ ಮನೆಗೆ ಬಂದು ಮೂರು ತಿಂಗಳಾಯಿತು, ಬರುವಾಗ ಹಸುವನ್ನೂ ಕರೆದುಕೊಂಡು ಬಂದಿದ್ದಾರೆ. ಅವರೆ ಸಿಪ್ಪೆ ಅದಕ್ಕೆ ಪ್ರಾಣ. ದಿನಾ ಹಿತ್ತಲ ಬಾಗಿಲಲ್ಲೇ ಸಿಪ್ಪೆ ಈಸಿಕೊಂಡು ಹೋಗುವವರು ಇವತ್ತು ಹಿತ್ತಲೆಲ್ಲ ಒದ್ದೆಯಾಗಿದ್ದರಿಂದ ಮುಂಬಾಗಿಲಿಂದ ಹಾಲಿಗೆ ಬಂದರು. ನಾನು ಪುಟ್ಟಿ ತರುವಷ್ಟರಲ್ಲಿ ಅವರ ಕಣ್ಣು ಶೋಕೇಸಿನ ಮೇಲೆ ಹೋಯಿತು. ಅತ್ತೆ ಮಂಚದ ಮೇಲಿಂದ ನನ್ನನ್ನು ನೋಡಿದರು. ನಾನು ಅತ್ತೆಯನ್ನು ನೋಡಿದೆ.

"ಏನ್ ವಸಂತಕ್ಕ, ಕಪ್ಪು ಗೆದ್ಬುಟ್ಟಿದೀರಾ! ಇವತ್ತೇ ಕೊಟ್ರಾ? ಇನ್ನೂ ಹೊಸಾದು ಹೊಸಾದು ಫಳಫಳ ಅಂತೈತೆ" ಎಂದು ಹೇಳಿ, ನನ್ನ ಉತ್ತರಕ್ಕೂ ಕಾಯದೆ ಬಕೆಟ್ಟು ಮುಂದೆ ಹಿಡಿದರು. "ಇರ್ಲಿ, ಒಂದೀಟು ಒತ್ತಿ ತುಂಬ್ರಕ್ಕ, ಹಸ ಕೂಗ್ತೈತೆ."